ತಾಮ್ರದ ತಗಡಿನಲ್ಲಿ ದೈವ: ಬರೋಕ್ ಮುದ್ರಣಚಿತ್ರಗಳ ಸಂಕೇತಲೋಕ



17ನೆಯ ಶತಮಾನದ ಯುರೋಪಿನ ಬರೋಕ್ ಕಲೆ ಎಂದೊಡನೆ ಕಣ್ಣಮುಂದೆ ಬರುವುದು ರೋಮಿನ ಇಗರ್ಜಿಗಳ ಚಾವಣಿ, ಅಲ್ಲಿ ಮೋಡಗಳ ನಡುವೆ ತೇಲುವ ದೇವದೂತರು, ಶಿಲ್ಪಿ ಬರ್ನಿನಿಯ ಅಮೃತಶಿಲೆ, ಎಲ್ಲೆಲ್ಲೂ ಚಿನ್ನದ ಲೇಪ. ಇವತ್ತು ನಾನು ಆ ಕಡೆ ಹೋಗುತ್ತಿಲ್ಲ. ಅದೇ ಕಾಲದಲ್ಲಿ, ಅದೇ ಧರ್ಮದ ಕಾವಿನಲ್ಲಿ, ಅಂಗೈಯಗಲದಿಂದ ಮೊಳದುದ್ದದವರೆಗಿನ ಕಾಗದಗಳ ಮೇಲೆ ಬರಿಯ ಕಪ್ಪು ಮಸಿಯಲ್ಲಿ ಮೂಡಿದ ಚಿತ್ರಗಳ ಬಗ್ಗೆ ಮಾತಾಡಬೇಕೆಂದಿದ್ದೇನೆ. ಚಾವಣಿಯನ್ನು ನೋಡಬೇಕಾದವರು ರೋಮಿಗೆ ಹೋಗಬೇಕಿತ್ತು. ಕಾಗದದ ಚಿತ್ರ ವ್ಯಾಪಾರಿಯ ಮೂಟೆಯಲ್ಲಿ, ಪಾದ್ರಿಯ ಪೆಟ್ಟಿಗೆಯಲ್ಲಿ, ಹಡಗಿನಲ್ಲಿ, ತಾನಾಗಿ ಮನೆಬಾಗಿಲಿಗೆ ಬರುತ್ತಿತ್ತು. ಅಕ್ಬರನ ಆಸ್ಥಾನಕ್ಕೂ ಬಂತು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ಕ್ರೈಸ್ತ ಚಿತ್ರಗಳಲ್ಲಿ ಸಂಕೇತವೆಂದರೆ ಬಹುಕಾಲ ವಸ್ತುವೇ ಆಗಿತ್ತು: ಕೈಯಲ್ಲಿ ಬೀಗದಕೈ ಇದ್ದರೆ ಸಂತ ಪೇತ್ರ, ಪಕ್ಕದಲ್ಲಿ ಲಿಲ್ಲಿ ಹೂ ಇದ್ದರೆ ಮರಿಯಳ ನಿಷ್ಕಳಂಕತೆ, ಕುರಿಮರಿ ಇದ್ದರೆ ಕ್ರಿಸ್ತನ ಬಲಿ. ಪಟ್ಟಿ ಗೊತ್ತಿದ್ದವರಿಗೆ ಚಿತ್ರ ಅರ್ಥವಾಗುತ್ತಿತ್ತು. 17ನೆಯ ಶತಮಾನದ ಅತ್ಯುತ್ತಮ ಮುದ್ರಣಕಲಾವಿದರು ಈ ಪಟ್ಟಿಯನ್ನು ಕೈಬಿಡಲಿಲ್ಲ. ಆದರೆ ಅದರ ಜೊತೆಗೆ ಇನ್ನೊಂದನ್ನು ಸೇರಿಸಿದರು. ಗೆರೆ ಎಳೆಯುವ ರೀತಿ, ಮಸಿ ಒರೆಸುವ ರೀತಿ, ತಗಡು ಸವೆಯುವುದು, ಸವೆದ ತಗಡನ್ನು ಮತ್ತೆ ಕೆರೆಯುವುದು, ಇವೆಲ್ಲ ಧಾರ್ಮಿಕ ಅರ್ಥವನ್ನು ಹೊರತೊಡಗಿದವು. ಸಂಕೇತ ವಸ್ತುವಿನಿಂದ ಕಸುಬಿನೊಳಕ್ಕೆ ಇಳಿಯಿತು. ಈ ಕಲಾವಿದರ ದೊಡ್ಡ ಸಾಧನೆ ಇದೇ ಎಂದು ನಾನು ನಂಬಿದ್ದೇನೆ. ತೈಲಚಿತ್ರಗಳ ಅಬ್ಬರದಲ್ಲಿ ಇದು ನಮ್ಮ ಕಣ್ಣಿಗೆ ಬೀಳದೆ ಹೋಗಿದೆ ಎಂಬ ಸಂಕಟವೂ ನನಗಿದೆ.

ಮೊದಲು ಕಾಲದ ಹಿನ್ನೆಲೆ, ಬೇಗ ಹೇಳಿ ಮುಗಿಸುತ್ತೇನೆ. 1563ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಧರ್ಮಸಭೆ ತನ್ನ ಕೊನೆಯ ಅಧಿವೇಶನದಲ್ಲಿ ಪವಿತ್ರ ಚಿತ್ರಗಳನ್ನು ಎತ್ತಿಹಿಡಿಯಿತು. ಚಿತ್ರಕ್ಕೆ ಸಲ್ಲುವ ಗೌರವ ಅದು ತೋರಿಸುವ ಮೂಲಕ್ಕೆ ಸಲ್ಲುತ್ತದೆ, ಚಿತ್ರದ ಮೂಲಕ ಜನರಿಗೆ ಬೋಧಿಸಬಹುದು ಎಂಬುದು ಅದರ ನಿಲುವು. ಮೂರೇ ವರ್ಷಕ್ಕೆ, 1566ರಲ್ಲಿ, ಆಂಟ್‌ವರ್ಪ್ ಮತ್ತು ಸುತ್ತಲಿನ ಊರುಗಳಲ್ಲಿ ಕ್ಯಾಲ್ವಿನ್ ಪಂಥದವರು ಇಗರ್ಜಿಗಳಿಗೆ ನುಗ್ಗಿ ವಿಗ್ರಹಗಳನ್ನು ಒಡೆದರು, ಪಟಗಳನ್ನು ಹರಿದರು. ಚಿತ್ರ ಇರಬೇಕೆ ಬೇಡವೆ ಎಂಬುದು ಜನ ಪ್ರಾಣ ಕೊಡುವ, ಪ್ರಾಣ ತೆಗೆಯುವ ಪ್ರಶ್ನೆಯಾಗಿತ್ತು. ಈ ಜಗಳದ ನಟ್ಟನಡುವೆ ಕಾಗದದ ಮುದ್ರಣಚಿತ್ರ ಒಂದು ವಿಚಿತ್ರ ಜಾಗದಲ್ಲಿ ನಿಂತಿತು. ಅದನ್ನು ಯಾರೂ ಪೀಠದ ಮೇಲಿಟ್ಟು ದೀಪ ಹಚ್ಚಬೇಕಿರಲಿಲ್ಲ. ಪುಸ್ತಕದೊಳಗೆ ಇಟ್ಟುಕೊಂಡು, ಮನೆಯ ಮೂಲೆಯಲ್ಲಿ ಒಬ್ಬರೇ ಕೂತು ನೋಡಬಹುದಿತ್ತು. ಹೀಗಾಗಿ ಕ್ಯಾಥೊಲಿಕ್ ಆಂಟ್‌ವರ್ಪಿನಲ್ಲೂ ಪ್ರಾಟೆಸ್ಟಂಟ್ ಆಮ್‌ಸ್ಟರ್‌ಡ್ಯಾಮಿನಲ್ಲೂ ಅದು ಬೆಳೆಯಿತು.

ಕಸುಬಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಯಮಾಡಿದ ತಾಮ್ರದ ತಗಡಿನ ಮೇಲೆ ಚೂಪಾದ ಉಕ್ಕಿನ ಉಳಿಯನ್ನು ತಳ್ಳುತ್ತ ಗೆರೆ ಕೊರೆಯುವುದು ಎನ್‌ಗ್ರೇವಿಂಗ್. ಉಳಿಯನ್ನು ಒತ್ತಿದರೆ ಗೆರೆ ದಪ್ಪವಾಗುತ್ತದೆ, ಹಗುರ ಮಾಡಿದರೆ ಎಳೆಯಾಗುತ್ತದೆ. ತಗಡಿಗೆ ಮೇಣದ ಲೇಪ ಕೊಟ್ಟು, ಆ ಲೇಪವನ್ನು ಸೂಜಿಯಿಂದ ಗೀರಿ, ಗೀರಿದ ಕಡೆ ಆಮ್ಲ ತಾಮ್ರವನ್ನು ತಿನ್ನುವಂತೆ ಮಾಡುವುದು ಎಚಿಂಗ್. ಇದರಲ್ಲಿ ಕೈ ಸಲೀಸಾಗಿ, ಬರೆದಂತೆಯೇ ಓಡುತ್ತದೆ. ಆಮ್ಲವಿಲ್ಲದೆ ನೇರವಾಗಿ ತಾಮ್ರವನ್ನೇ ಸೂಜಿಯಿಂದ ಗೀಚುವುದು ಡ್ರೈಪಾಯಿಂಟ್. ಗೀಚಿದ ಗೆರೆಯ ಅಂಚಿನಲ್ಲಿ ತಾಮ್ರದ ಸಣ್ಣ ಸಿಬಿರು ಎದ್ದು ನಿಲ್ಲುತ್ತದೆ. ಮಸಿ ಹಚ್ಚಿದಾಗ ಆ ಸಿಬಿರು ಮಸಿಯನ್ನು ಹಿಡಿದುಕೊಂಡು ಕಾಗದದ ಮೇಲೆ ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಆದರೆ ಅಚ್ಚುಯಂತ್ರದ ಉರುಳೆಯ ಒತ್ತಡಕ್ಕೆ ಆ ಸಿಬಿರು ಬಹಳ ಬೇಗ ಮಡಿದು ಹೋಗುತ್ತದೆ. ಹತ್ತಾರು ಪ್ರತಿ ತೆಗೆಯುವಷ್ಟರಲ್ಲಿ ಆ ಕಪ್ಪು ಸೊರಗಿರುತ್ತದೆ. ಇದೊಂದು ನೆನಪಿನಲ್ಲಿರಲಿ.

ಧರ್ಮಬೋಧೆಗೆ ಮುದ್ರಣಚಿತ್ರವನ್ನು ವ್ಯವಸ್ಥಿತವಾಗಿ ದುಡಿಸಿಕೊಂಡವರಲ್ಲಿ ಯೇಸುಸಭೆಯ ಪಾದ್ರಿಗಳು ಮುಂದು. 1593ರಲ್ಲಿ ಆಂಟ್‌ವರ್ಪಿನಲ್ಲಿ ಹೊರಬಂದ ಜೆರೋನಿಮೊ ನದಾಲ್ ಅವರ ಸುವಾರ್ತಾ ಚಿತ್ರಸಂಪುಟದಲ್ಲಿ 153 ತಾಮ್ರದಚ್ಚಿನ ಚಿತ್ರಗಳಿವೆ. ವೀರಿಕ್ಸ್ ಸೋದರರೂ ಅವರ ಜೊತೆಗಾರರೂ ಕೊರೆದವು. ಪ್ರತಿ ಚಿತ್ರದೊಳಗೂ ಅಲ್ಲಲ್ಲಿ ಎ, ಬಿ, ಸಿ ಎಂದು ಅಕ್ಷರಗಳನ್ನು ಇಟ್ಟಿದ್ದಾರೆ. ಅಕ್ಷರವಿರುವ ಕಡೆ ಕಣ್ಣು ನಿಲ್ಲಿಸಿ, ಕೆಳಗೆ ಅದೇ ಅಕ್ಷರದ ಎದುರು ಇರುವ ವಿವರಣೆ ಓದಿ, ಮತ್ತೆ ಚಿತ್ರಕ್ಕೆ ಮರಳಬೇಕು. ಹೀಗೆ ಭಕ್ತ ಬೆತ್ಲೆಹೇಮಿನ ಗೋದಲಿಯೊಳಗೆ ಮನಸ್ಸಿನಲ್ಲೇ ನಡೆದಾಡುತ್ತಾನೆ. ಕಲೆಯಾಗಿ ಈ ಚಿತ್ರಗಳು ನನ್ನನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅಚ್ಚುಕಟ್ಟಾಗಿವೆ, ಉಸಿರು ಕಡಿಮೆ. ಆದರೆ ಇವು ಹೋದ ದೂರ ದೊಡ್ಡದು. 1637ರಲ್ಲಿ ಜೂಲಿಯೊ ಅಲೆನಿ ಎಂಬ ಪಾದ್ರಿ ಇವುಗಳ ಆಧಾರದ ಮೇಲೆಯೇ ಚೀನೀ ಭಾಷೆಯಲ್ಲಿ ಕ್ರಿಸ್ತನ ಸಚಿತ್ರ ಜೀವನಕಥೆ ತಂದರು. ಅದರಲ್ಲಿ ಇದೇ ಚಿತ್ರಗಳು ಮರದಚ್ಚಿಗೆ ಬಂದವು.

ಇದಕ್ಕಿಂತ ನನಗೆ ಹತ್ತಿರವಾದ ಪುಸ್ತಕ ಹೆರ್ಮನ್ ಹ್ಯೂಗೊ ಅವರ ‘ಪಿಯಾ ಡೆಸಿಡೆರಿಯಾ’. 1624, ಅದೂ ಆಂಟ್‌ವರ್ಪ್. ಚಿತ್ರ ಕೊರೆದವರು ಬೊಯೆಟಿಯಸ್ ಬೋಲ್ಸ್‌ವರ್ಟ್. ಇಲ್ಲಿ ಜೀವಾತ್ಮ ಒಂದು ಪುಟ್ಟ ಹುಡುಗಿ, ದೈವಪ್ರೇಮ ರೆಕ್ಕೆಯಿರುವ ಒಬ್ಬ ಹುಡುಗ. ಮೂರು ಭಾಗ, ಭಾಗಕ್ಕೆ 15 ಚಿತ್ರ. ಮೊದಲು ಪಶ್ಚಾತ್ತಾಪ, ಆಮೇಲೆ ಹಂಬಲ, ಕೊನೆಗೆ ಕೂಡುವಿಕೆ. ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಹುಡುಗಿ ಯಾತ್ರಿಕಳ ವೇಷದಲ್ಲಿ, ಕೈಯಲ್ಲಿ ಊರುಗೋಲು ಹಿಡಿದು, ಸುತ್ತುಸುತ್ತಾದ ಒಂದು ಚಕ್ರವ್ಯೂಹದೊಳಗೆ ನಿಂತಿದ್ದಾಳೆ. ದೂರದ ಗೋಪುರದ ಮೇಲೆ ರೆಕ್ಕೆಯ ಹುಡುಗ. ಅವನ ಕೈಯಿಂದ ಅವಳ ಕೈಗೆ ಒಂದು ಹಗ್ಗ. ಇಡೀ ಚಿತ್ರ ವೃತ್ತಗಳಿಂದ, ತಿರುವುಗಳಿಂದ ತುಂಬಿದೆ. ಅವುಗಳನ್ನೆಲ್ಲ ಅಡ್ಡ ಕತ್ತರಿಸಿಕೊಂಡು ಹೋಗುವುದು ಆ ಹಗ್ಗದ ಗೆರೆ ಒಂದೇ. ಅದೇ ವ್ಯೂಹದಲ್ಲಿ ಇನ್ನೊಬ್ಬನಿದ್ದಾನೆ, ಕುರುಡ. ಅವನ ಮುಂದೆ ನಾಯಿ, ನಾಯಿಯ ಕೊರಳ ದಾರ ಅವನ ಕೈಯಲ್ಲಿ. ಎರಡು ದಾರ, ಇಬ್ಬರು ನಡೆಯುವವರು. ಗೋಪುರದ ಮೇಲಿರುವವನಿಗೆ ಇಡೀ ದಾರಿ ಕಾಣುತ್ತದೆ, ನಾಯಿಗೆ ಮುಂದಿನ ಹೆಜ್ಜೆಯಷ್ಟೇ ಕಾಣುತ್ತದೆ, ನಡೆಯುವವರಿಬ್ಬರಿಗೂ ಏನೂ ಕಾಣುವುದಿಲ್ಲ. ನಂಬಿಕೆ ಎಂದರೇನು ಎಂಬುದನ್ನು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿದ ಚಿತ್ರಗಳು ಕಡಿಮೆ.

ಈ ಪುಸ್ತಕದ ಚಿತ್ರಗಳನ್ನು 1635ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಕ್ವಾರ್ಲ್ಸ್ ಎಂಬ ಕವಿ ತನ್ನ ಪದ್ಯಗಳಿಗೆ ಬಳಸಿಕೊಂಡ. ಆತ ಪ್ರಾಟೆಸ್ಟಂಟ್. ಯೇಸುಸಭೆಯ ಪಾದ್ರಿಯೊಬ್ಬರ ಧ್ಯಾನಚಿತ್ರಗಳು ಎದುರು ಪಾಳೆಯದ ಮನೆಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ತೆರೆದುಕೊಂಡವು. ಅದೇ ಹೊತ್ತಿಗೆ ಯುರೋಪಿನಲ್ಲಿ ಈ ಎರಡು ಪಾಳೆಯಗಳ ನಡುವೆ 30 ವರ್ಷಗಳ ಯುದ್ಧ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು.

ಆ ಯುದ್ಧದ ಚಿತ್ರವನ್ನು ಕೊಟ್ಟವನು ಲೊರೇನ್ ಸೀಮೆಯ ಜಾಕ್ ಕಾಲೋ. 1633ರಲ್ಲಿ ಅಚ್ಚಾದ ಅವನ ಯುದ್ಧಸಂಕಟಗಳ ಮಾಲೆಯಲ್ಲಿ 18 ತಗಡುಗಳಿವೆ. ಎಲ್ಲ ಸಣ್ಣವು, ಅಡ್ಡಕ್ಕೆ ಗೇಣುದ್ದ. ಒಂದರಲ್ಲಿ ದೊಡ್ಡ ಮರವೊಂದರ ಕೊಂಬೆಗಳಿಂದ ಗಲ್ಲಿಗೇರಿದವರ ದೇಹಗಳು ತೂಗುತ್ತಿವೆ. ಏಣಿಯ ಮೇಲೆ ಒಬ್ಬ ಪಾದ್ರಿ ಮುಂದಿನವನ ಮುಖಕ್ಕೆ ಶಿಲುಬೆ ಹಿಡಿದಿದ್ದಾನೆ. ಬುಡದಲ್ಲಿ ನಗಾರಿಯ ಮೇಲೆ ಇಬ್ಬರು ದಾಳ ಉರುಳಿಸುತ್ತಿದ್ದಾರೆ. ಸುವಾರ್ತೆ ಗೊತ್ತಿದ್ದ ಅಂದಿನ ನೋಡುಗನಿಗೆ ಆ ದಾಳ ಸಾಕು. ಕ್ರಿಸ್ತನ ಶಿಲುಬೆಯ ಕೆಳಗೆ ಸೈನಿಕರು ಅವನ ಅಂಗಿಗಾಗಿ ಚೀಟು ಹಾಕಿದ್ದರು. ಸತ್ತವರು ಕಳ್ಳರು, ಶಿಕ್ಷೆಗೆ ಅರ್ಹರು ಎಂದು ಚಿತ್ರದ ಕೆಳಗಿನ ಪದ್ಯ ಹೇಳುತ್ತದೆ. ದಾಳವಾದರೋ ನಮ್ಮನ್ನು ಬೇರೊಂದು ಮರದ ಬುಡಕ್ಕೆ ಕರೆದೊಯ್ಯುತ್ತದೆ. ಹಳೆಯ ಪಟ್ಟಿಯ ಸಂಕೇತ ಹೊಸ ದುಃಖದೊಳಕ್ಕೆ ಬಂದಾಗ ಹೀಗೆ ಕುಟುಕುತ್ತದೆ.

ಈಗ ಕಸುಬೇ ಸಂಕೇತವಾದ ಕಡೆಗೆ ಬರೋಣ. ಕ್ಲೋದ್ ಮೆಲಾನ್ 1598ರಲ್ಲಿ ಹುಟ್ಟಿದ ಫ್ರೆಂಚ್ ಕೆತ್ತನೆಗಾರ. ರೋಮಿನಲ್ಲಿ 12 ವರ್ಷದಷ್ಟು ಕಾಲ ಇದ್ದವನು, ಆಮೇಲೆ ಪ್ಯಾರಿಸಿನಲ್ಲಿ ರಾಜನ ಆಶ್ರಯದಲ್ಲಿ ನೆಲೆಸಿದವನು. 1649ರಲ್ಲಿ ಅವನು ಕೊರೆದ ಚಿತ್ರ ಕ್ರಿಸ್ತನ ಮುಖವಸ್ತ್ರದ್ದು. ಕಥೆ ಹೀಗಿದೆ: ಶಿಲುಬೆ ಹೊತ್ತು ನಡೆಯುತ್ತಿದ್ದ ಕ್ರಿಸ್ತನ ಮುಖದ ಬೆವರು, ರಕ್ತವನ್ನು ವೆರೋನಿಕಾ ಎಂಬ ಹೆಣ್ಣುಮಗಳು ತನ್ನ ಬಟ್ಟೆಯಿಂದ ಒರೆಸುತ್ತಾಳೆ; ಆ ಬಟ್ಟೆಯ ಮೇಲೆ ಅವನ ಮುಖ ಮೂಡಿ ಉಳಿಯುತ್ತದೆ. ಮನುಷ್ಯನ ಕೈ ಬರೆಯದ ಚಿತ್ರ ಎಂದು ಭಕ್ತರು ಇದನ್ನು ನಂಬಿದರು.

ಮೆಲಾನ್ ಈ ಮುಖವನ್ನು ಒಂದೇ ಗೆರೆಯಲ್ಲಿ ಕೊರೆದ. ಗೆರೆ ಮೂಗಿನ ತುದಿಯಲ್ಲಿ ಒಂದು ಚಿಕ್ಕ ಸುರುಳಿಯಾಗಿ ಶುರುವಾಗುತ್ತದೆ. ಅಲ್ಲಿಂದ ಸುತ್ತುತ್ತ, ಸುತ್ತುತ್ತ, ಕೆನ್ನೆ, ಕಣ್ಣು, ಹಣೆ, ಮುಳ್ಳಿನ ಕಿರೀಟ, ಕೂದಲು, ಬಟ್ಟೆ ಎಲ್ಲವನ್ನೂ ದಾಟಿಕೊಂಡು ತಗಡಿನ ಅಂಚಿನವರೆಗೂ ಹೋಗುತ್ತದೆ. ಒಂದು ಗೆರೆಯನ್ನು ಇನ್ನೊಂದು ಎಲ್ಲೂ ಅಡ್ಡ ಹಾಯುವುದಿಲ್ಲ, ಏಕೆಂದರೆ ಇನ್ನೊಂದು ಗೆರೆಯೇ ಇಲ್ಲ. ನೆರಳು ಬೇಕಾದ ಕಡೆ ಉಳಿ ಆಳಕ್ಕಿಳಿದು ಗೆರೆ ದಪ್ಪವಾಗಿದೆ, ಬೆಳಕು ಬೇಕಾದ ಕಡೆ ಎಳೆಯಷ್ಟು ತೆಳುವಾಗಿದೆ. ಎಳೆ ರಂಗೋಲಿ ಹಾಕುವವರು ಕೈ ಎತ್ತದೆ ಚುಕ್ಕಿಗಳನ್ನೆಲ್ಲ ಸುತ್ತಿ ಬರುವುದನ್ನು ನಾವು ನೋಡಿದ್ದೇವೆ. ಮೆಲಾನನಿಗೆ ಚುಕ್ಕಿಗಳ ಆಸರೆಯೂ ಇರಲಿಲ್ಲ. ಉಳಿ ಒಂದು ಕಡೆ ಜಾರಿದರೆ ಮುಖವೇ ಕೆಡುತ್ತಿತ್ತು. ಕೆತ್ತನೆಗಾರರು ಉಳಿಯನ್ನು ತಿರುಗಿಸುವುದಿಲ್ಲ, ಎಡಗೈಯಿಂದ ತಗಡನ್ನು ತಿರುಗಿಸುತ್ತಾರೆ. ಹಾಗಾಗಿ ಆ ಮುಖ ಅವನ ಕೈಯ ಕೆಳಗೆ ನಿಧಾನವಾಗಿ ಸುತ್ತುತ್ತಲೇ ಹುಟ್ಟಿರಬೇಕು.

ಚಿತ್ರದ ಕೆಳಗೆ ಅದೇ ಗೆರೆ ಉಬ್ಬಿ ತಗ್ಗಿ ಲ್ಯಾಟಿನ್ ಅಕ್ಷರಗಳಾಗಿದೆ: ಒಬ್ಬನೇ ಆದವನು ಒಂದರಿಂದಲೇ ರೂಪುಗೊಂಡಿದ್ದಾನೆ ಎಂಬ ಅರ್ಥ. ತಂದೆಯಾದ ದೇವರ ಏಕೈಕ ಮಗ, ಒಬ್ಬಳೇ ಕನ್ಯೆಯಿಂದ ಹುಟ್ಟಿದವನು, ಒಂದೇ ಗೆರೆಯಿಂದ ಮೂಡಿದವನು. ಮತ್ತೂ ಕೆಳಗೆ, ಬೇರೆ ಇಲ್ಲ ಎಂಬ ಮಾತು. ಇದನ್ನು ಕೆತ್ತನೆಗಾರನ ಕೈಚಳಕದ ಪ್ರದರ್ಶನ ಎಂದು ಹೇಳಿ ಮುಗಿಸಿದವರಿದ್ದಾರೆ. ಕೈಚಳಕ ಇದ್ದೇ ಇದೆ. ಆದರೆ ಅಷ್ಟಕ್ಕೇ ನಿಲ್ಲಿಸುವುದು ಅನ್ಯಾಯ. ವೆರೋನಿಕಾಳ ಬಟ್ಟೆಯ ಮೇಲೆ ಮುಖ ಹೇಗೆ ಬಂತು? ಒತ್ತಿದ್ದರಿಂದ, ತಾಗಿದ್ದರಿಂದ. ಕಾಗದದ ಮೇಲೆ ಮುದ್ರಣಚಿತ್ರ ಹೇಗೆ ಬರುತ್ತದೆ? ಒದ್ದೆ ಕಾಗದವನ್ನು ತಗಡಿಗೆ ಒತ್ತುವುದರಿಂದ. ಆ ಒದ್ದೆ ಕಾಗದ ಆ ಬಟ್ಟೆಯ ಕೆಲಸವನ್ನೇ ಮಾಡುತ್ತಿದೆ. ವರ್ಣಚಿತ್ರಕಾರ ಯಾರೂ ಈ ಮಾತನ್ನು ಹೀಗೆ ಹೇಳಲಾರ, ಏಕೆಂದರೆ ಕುಂಚ ಒತ್ತುವುದಿಲ್ಲ, ಹಚ್ಚುತ್ತದೆ. ಒಂದು ಪವಾಡದ ಕಥೆಗೆ ಅದರದೇ ರೀತಿಯ ಕಸುಬು ಸಿಕ್ಕಿದೆ ಇಲ್ಲಿ. ಜೊತೆಗೆ ಇನ್ನೊಂದು ಸೋಜಿಗ: ಬೇರೆ ಇಲ್ಲ ಎಂದು ಸಾರುವ ಈ ಚಿತ್ರದ ಪ್ರತಿಗಳು ಪ್ಯಾರಿಸಿನಿಂದ ಊರೂರಿಗೆ ಹೋದವು. ಒಬ್ಬನೇ ಆದವನು ಎಲ್ಲರ ಮನೆಯಲ್ಲೂ ಇದ್ದಾನೆ ಎಂಬ ಕ್ರೈಸ್ತ ನಂಬಿಕೆಗೆ ಇದಕ್ಕಿಂತ ಹೊಂದುವ ಮಾಧ್ಯಮ ನನಗೆ ತೋಚುವುದಿಲ್ಲ.

ಮೆಲಾನನದು ಒಂದು ಗೆರೆಯ ಶಿಸ್ತು. ಹಾಲೆಂಡಿನ ರೆಂಬ್ರಾಂಟ್ ಇದಕ್ಕೆ ತೀರ ಎದುರಿನ ಮನುಷ್ಯ. ಗೀಚುತ್ತಾನೆ, ಅಳಿಸುತ್ತಾನೆ, ಮತ್ತೆ ಗೀಚುತ್ತಾನೆ, ಕೆಲವು ಕಡೆ ಬಿಟ್ಟೇಬಿಡುತ್ತಾನೆ. ಆಮ್‌ಸ್ಟರ್‌ಡ್ಯಾಮಿನ ಕ್ಯಾಲ್ವಿನ್ ಪಂಥದ ಇಗರ್ಜಿಗಳಲ್ಲಿ ಚಿತ್ರಗಳಿಗೆ ಜಾಗವಿರಲಿಲ್ಲ. ಬೈಬಲಿನ ಚಿತ್ರ ಮನೆಯೊಳಗೆ, ಸಂಗ್ರಾಹಕನ ಕಡತದೊಳಗೆ ಬದುಕಬೇಕಿತ್ತು. ರೆಂಬ್ರಾಂಟ್ ಸುಮಾರು 300 ತಗಡುಗಳನ್ನು ಮಾಡಿದ. ಅವುಗಳಲ್ಲಿ ಬೈಬಲಿನ ಪ್ರಸಂಗಗಳದ್ದು ದೊಡ್ಡ ಪಾಲು.

1638ರ ಆದಾಮ ಮತ್ತು ಹವ್ವರ ಎಚಿಂಗಿನಿಂದ ತೊಡಗೋಣ. ಇದು ಪುಸ್ತಕದ ಹಾಳೆಯಷ್ಟೇ ದೊಡ್ಡದು. ಅಂದವಾದ ಗ್ರೀಕ್ ದೇಹಗಳಿಲ್ಲ. ಜೋತುಬಿದ್ದ ಹೊಟ್ಟೆ, ಒರಟು ಮೈ, ಹಣ್ಣಿನ ಮೇಲೆ ಕಣ್ಣಿಟ್ಟ ಇಬ್ಬರು ಸಾಮಾನ್ಯ ಜನ. ಮರಕ್ಕೆ ಸುತ್ತಿಕೊಂಡಿರುವುದು ಹಾವಲ್ಲ, ಕಾಲುಗಳಿರುವ ಒಂದು ಘಟಸರ್ಪ. ಹೊಟ್ಟೆಯ ಮೇಲೆ ತೆವಳು ಎಂದು ದೇವರು ಶಪಿಸಿದ್ದು ಹಣ್ಣು ತಿಂದ ಮೇಲೆ. ಈಗಿನ್ನೂ ತಿಂದಿಲ್ಲ, ಆದ್ದರಿಂದ ಕಾಲುಗಳಿವೆ. ಈ ಪ್ರಾಣಿಯ ರೂಪವನ್ನು ಅವನು ಜರ್ಮನಿಯ ಡ್ಯೂರರ್ 1512ರಲ್ಲಿ ಮಾಡಿದ ಒಂದು ಕೆತ್ತನೆಯಿಂದ ಪಡೆದ. ಇನ್ನು ಹಿನ್ನೆಲೆ. ಕೆಳಗೆ ದೂರದಲ್ಲಿ, ಬಿಸಿಲಿನಲ್ಲಿ, ಒಂದು ಆನೆ ಓಡಾಡುತ್ತಿದೆ. ಹಳೆಯ ಯುರೋಪಿನ ಪ್ರಾಣಿಕಥೆಗಳಲ್ಲಿ ಆನೆ ಶುದ್ಧ ನಡತೆಯ ಪ್ರಾಣಿ, ಘಟಸರ್ಪದ ವೈರಿ. ಪಟ್ಟಿಯ ಪ್ರಕಾರ ಅದು ಸದ್ಗುಣದ ಸಂಕೇತ. ಆದರೆ ಇದು ಪಟ್ಟಿಯಿಂದ ಬಂದ ಆನೆಯಾಗಿ ಕಾಣುವುದಿಲ್ಲ. ಸಿಂಹಳದಲ್ಲಿ ಹುಟ್ಟಿ 1633ರಲ್ಲಿ ಹಡಗಿನಲ್ಲಿ ಹಾಲೆಂಡಿಗೆ ಬಂದ ಹನ್ಸ್‌ಕೆನ್ ಎಂಬ ಹೆಣ್ಣಾನೆ ಊರೂರು ತಿರುಗಿ ಆಟ ತೋರಿಸುತ್ತಿತ್ತು. ರೆಂಬ್ರಾಂಟ್ 1637ರಲ್ಲಿ ಆನೆಯನ್ನು ಎದುರಿಗೆ ನೋಡಿ ಚಿತ್ರಿಸಿದ್ದಾನೆ. ಚರ್ಮದ ಸುಕ್ಕು, ಹೆಜ್ಜೆಯ ಭಾರ ಅವನಿಗೆ ಗೊತ್ತಿತ್ತು. ಹಾಗಾಗಿ ಏದೆನ್ ತೋಟದ ಆ ಸಣ್ಣ ಆನೆಗೂ ಮೈ ಇದೆ, ನಡಿಗೆ ಇದೆ. ಮುಂದೆ ಇಬ್ಬರು ಕೆಡುತ್ತಿದ್ದಾರೆ, ಹಿಂದೆ ಅದು ತನ್ನ ಪಾಡಿಗೆ ಸೊಂಡಿಲೆತ್ತಿ ಸಾಗಿದೆ.

‘ನೂರು ಗಿಲ್ಡರ್ ಚಿತ್ರ’ ಎಂದು ಹೆಸರಾದ ಎಚಿಂಗ್ 1648ರ ಸುಮಾರಿನದು. ಒಂದು ಪ್ರತಿಗೆ ನೂರು ಗಿಲ್ಡರ್ ಬೆಲೆ ಬಂತೆಂಬ ಮಾತು ಅವನ ಕಾಲದಲ್ಲೇ ಹಬ್ಬಿತ್ತು. ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಒಂದಾದ ಮೇಲೊಂದು ನಡೆಯುವುದೆಲ್ಲ ಇಲ್ಲಿ ಒಂದೇ ಹೊತ್ತಿನಲ್ಲಿ ನಡೆಯುತ್ತಿದೆ. ನಡುವೆ ಕ್ರಿಸ್ತ. ಬಲಗಡೆಯ ಕತ್ತಲಿನಿಂದ ರೋಗಿಗಳು, ಕುಂಟರು, ಚಾಪೆಯ ಮೇಲೆ ಬಿದ್ದವರು ಬರುತ್ತಿದ್ದಾರೆ. ಎಡಗಡೆ ತರ್ಕಿಸಲು ಬಂದ ಫರಿಸಾಯರು ತಮ್ಮತಮ್ಮಲ್ಲೇ ಗುಸುಗುಸು ನಡೆಸಿದ್ದಾರೆ. ಮಗುವನ್ನೆತ್ತಿಕೊಂಡು ಬರುವ ತಾಯಿಯನ್ನು ಶಿಷ್ಯ ತಡೆಯುತ್ತಿದ್ದಾನೆ. ಒಳ್ಳೆಯ ಬಟ್ಟೆ ತೊಟ್ಟ ಯುವಕನೊಬ್ಬ ಬಾಯಿಗೆ ಕೈಯೊತ್ತಿ ಕುಳಿತಿದ್ದಾನೆ. ಎಲ್ಲವನ್ನೂ ಬಿಟ್ಟು ಬಾ ಎಂಬ ಮಾತು ಅವನಿಗೆ ಭಾರವಾಗಿದೆ. ಬಲ ತುದಿಯ ಕಮಾನಿನ ಬಾಗಿಲ ಬಳಿ ಒಂಟೆ: ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಕ್ರಿಸ್ತ ಹೇಳಿದ ಆ ಒಂಟೆ. ಕಣ್ಣಿಗೆ ಬೀಳಬೇಕಾದರೆ ಹುಡುಕಬೇಕು.

ಪಟ್ಟಿಯ ಸಂಕೇತಗಳು ಇಲ್ಲಿಗೆ ಮುಗಿದವು. ಇನ್ನು ಕಸುಬನ್ನು ನೋಡಿ. ಎಡಗಡೆಯ ಫರಿಸಾಯರನ್ನು ಬರಿಯ ಹೊರಗೆರೆಗಳಲ್ಲಿ ಬಿಟ್ಟಿದ್ದಾನೆ. ಮುಗಿಸದ ಕರಡಿನಂತಿದ್ದಾರೆ ಅವರು. ಅವರ ಮೇಲೆ ಬೆಳಕು ಧಾರಾಳವಾಗಿದೆ, ಆದರೆ ಮೈತುಂಬಿಲ್ಲ. ಬಲಗಡೆಯ ರೋಗಿಗಳಿಗೆ ಎಚಿಂಗ್, ಉಳಿ, ಡ್ರೈಪಾಯಿಂಟ್ ಮೂರನ್ನೂ ಸುರಿದು ಕತ್ತಲು ಕೊಟ್ಟಿದ್ದಾನೆ. ಆ ಕತ್ತಲಿನಿಂದಲೇ ಅವರಿಗೆ ಭಾರ, ಮಾಂಸ, ನೋವು ಬಂದಿದೆ. ತಮಗೆ ಎಲ್ಲ ಕಾಣುತ್ತಿದೆ ಎಂದುಕೊಂಡವರು ತೆಳುವಾಗಿದ್ದಾರೆ, ಕತ್ತಲಿನಿಂದ ಬಂದವರು ನಿಜವಾಗಿದ್ದಾರೆ. ಇನ್ನೊಂದು ಅತಿ ಸಣ್ಣ ಸಂಗತಿ. ಕ್ರಿಸ್ತನ ಹತ್ತಿರ ಮಂಡಿಯೂರಿದ ಹೆಂಗಸೊಬ್ಬಳು ಕೈಜೋಡಿಸಿದ್ದಾಳೆ. ಆ ಜೋಡಿಸಿದ ಕೈಗಳ ನೆರಳು ಕ್ರಿಸ್ತನ ನಿಲುವಂಗಿಯ ಮೇಲೆ ಬಿದ್ದಿದೆ. ಮೈಮುಟ್ಟುವ ಧೈರ್ಯ ಅವಳಿಗಿನ್ನೂ ಇಲ್ಲ, ನೆರಳು ಆಗಲೇ ಮುಟ್ಟಿಬಿಟ್ಟಿದೆ. ಕ್ರಿಸ್ತನ ತಲೆಯ ಸುತ್ತ ಪ್ರಭೆ ಇದೆ, ಬೆಳಕಿನ ಮೂಲ ಅವನೇ ಎನ್ನಬೇಕು. ಹಾಗಿದ್ದರೆ ಅವನ ಅಂಗಿಯ ಮೇಲೆ ನೆರಳು ಬೀಳುವುದು ಹೇಗೆ? ಭೌತಶಾಸ್ತ್ರ ಒಪ್ಪದ ಈ ನೆರಳನ್ನು ರೆಂಬ್ರಾಂಟ್ ಬೇಕೆಂದೇ ಇಟ್ಟಿದ್ದಾನೆ. ಬೆಳಕಾದವನು ದುಃಖಿತರ ನೆರಳನ್ನೂ ತನ್ನ ಮೇಲೆ ಹೊರುತ್ತಾನೆ. ಚಿತ್ರದ ಎಲ್ಲ ಪಾತ್ರಗಳಿಗಿಂತ ಈ ನೆರಳೇ ನನ್ನನ್ನು ಹೆಚ್ಚು ಕಾಡಿದೆ.

ಈ ತಗಡು ಆಮೇಲೆ ಸವೆದು, 18ನೆಯ ಶತಮಾನದಲ್ಲಿ ವಿಲಿಯಂ ಬೇಲಿ ಎಂಬ ಸೇನಾಧಿಕಾರಿಯ ಕೈಸೇರಿತು. ಆತ ಅದನ್ನು ತಾನೇ ತಿದ್ದಿ ಪ್ರತಿ ತೆಗೆದು, ಕೊನೆಗೆ ತಗಡನ್ನು ನಾಲ್ಕು ತುಂಡು ಮಾಡಿ ಬೇರೆಬೇರೆ ಚಿತ್ರಗಳಾಗಿ ಅಚ್ಚು ಹಾಕಿದ. ರೋಗಿಗಳು ಒಂದು ಕಡೆ, ಕ್ರಿಸ್ತ ಒಂದು ಕಡೆ. ಆ ಕತ್ತರಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ.

1653ರ ‘ಮೂರು ಶಿಲುಬೆಗಳು’ ಬಹುಮಟ್ಟಿಗೆ ಡ್ರೈಪಾಯಿಂಟ್. ಸಿಬಿರು ಬೇಗ ಸವೆಯುತ್ತದೆ ಎಂದೆನಲ್ಲ, ಅದರ ಕಥೆ ಇಲ್ಲಿದೆ. ಮೊದಲ ಹಂತದ ಪ್ರತಿಗಳಲ್ಲಿ ಮೇಲಿನಿಂದ ಬೆಳಕಿನ ದೊಡ್ಡ ಕೋನವೊಂದು ಶಿಲುಬೆಯ ಮೇಲೆ ಇಳಿಯುತ್ತದೆ. ರೋಮನ್ ಶತಾಧಿಪತಿ ಕುದುರೆಯಿಂದಿಳಿದು ಮಂಡಿಯೂರಿದ್ದಾನೆ. ಅಳುವವರು, ಓಡುವವರು, ಬಿದ್ದವರು ಎಲ್ಲ ಗುರುತು ಸಿಗುತ್ತಾರೆ. ಪ್ರತಿಗಳನ್ನು ತೆಗೆದಂತೆ ತಗಡು ಸೊರಗಿತು. ಸಾಮಾನ್ಯ ಕೆತ್ತನೆಗಾರನಾಗಿದ್ದರೆ ಅದೇ ಗೆರೆಗಳನ್ನು ಮತ್ತೆ ತೀಡಿ ಮಾರಾಟ ಮುಂದುವರಿಸುತ್ತಿದ್ದ. ರೆಂಬ್ರಾಂಟ್ ಕೆಲವು ವರ್ಷ ಬಿಟ್ಟು ತಗಡನ್ನು ಮತ್ತೆ ಕೈಗೆತ್ತಿಕೊಂಡು, ಬಹುಭಾಗವನ್ನು ಕೆರೆದು ಹಾಕಿ, ಮೇಲಿಂದ ಕೆಳಕ್ಕೆ ಬಿರುಸಾದ ನೇರಗೆರೆಗಳನ್ನು ಮಳೆಯಂತೆ ಸುರಿದ. ನಾಲ್ಕನೆಯ ಹಂತದ ಈ ಪ್ರತಿಗಳಲ್ಲಿ ಮೊದಲಿನ ಹಲವು ಆಕೃತಿಗಳು ಇಲ್ಲವಾಗಿವೆ. ಎತ್ತರದ ಟೋಪಿಯ ಕುದುರೆ ಸವಾರನೊಬ್ಬ ಹೊಸದಾಗಿ ಬಂದಿದ್ದಾನೆ. ಅವನ ಆಕಾರ 15ನೆಯ ಶತಮಾನದ ಇಟಲಿಯ ಪಿಸಾನೆಲ್ಲೊ ಮಾಡಿದ ಪದಕದಿಂದ ತೆಗೆದದ್ದು. ಬೆದರಿದ ಕುದುರೆಯೊಂದು ಮುಂಗಾಲೆತ್ತಿದೆ. ಅಕ್ಕಪಕ್ಕದ ಕಳ್ಳರ ಶಿಲುಬೆಗಳನ್ನು ಕತ್ತಲು ನುಂಗುತ್ತಿದೆ.

ಮಧ್ಯಾಹ್ನದಿಂದ ಮೂರು ಗಂಟೆಯವರೆಗೆ ನಾಡಿನ ಮೇಲೆಲ್ಲ ಕತ್ತಲೆ ಕವಿಯಿತೆಂದು ಸುವಾರ್ತೆಗಳಲ್ಲಿದೆ. ಮೊದಲ ಹಂತಗಳು ಶತಾಧಿಪತಿ ಕಣ್ತೆರೆದ ಗಳಿಗೆಯನ್ನು ಹಿಡಿದಿದ್ದರೆ ನಾಲ್ಕನೆಯದು ಆ ಕತ್ತಲೆಯದ್ದು. ಎರಡೂ ಒಂದೇ ತಗಡು. ತೈಲಚಿತ್ರದಲ್ಲಿ ಹೀಗೆ ಮಾಡಿದರೆ ಮೊದಲಿನದು ಅಡಿಯಲ್ಲಿ ಹೂತುಹೋಗುತ್ತದೆ. ಮುದ್ರಣದಲ್ಲಿ ಮಾತ್ರ ಬೆಳಕಿನ ಗಳಿಗೆಯ ಪ್ರತಿಗಳೂ ಕತ್ತಲೆಯ ಪ್ರತಿಗಳೂ ಬೇರೆಬೇರೆಯಾಗಿ ಉಳಿಯುತ್ತವೆ, ಪಕ್ಕಪಕ್ಕ ಇಟ್ಟು ನೋಡಬಹುದು. ಕಾಲ ಕಳೆಯುವುದನ್ನೇ ಅವನು ಚಿತ್ರದ ವಸ್ತುವಾಗಿಸಿದ. ಲೋಹದ ಸವೆತವನ್ನು ಕಸುಬಿನ ಸೋಲೆಂದು ಎಣಿಸದೆ, ಸಾವಿನ ಸಮೀಪದ ಭಾಷೆಯಾಗಿ ಬಳಸಿಕೊಂಡ. ಇಂಥದ್ದೇ ಇನ್ನೊಂದು ಕೆಲಸ 1654ರ ಸುಮಾರಿನ ‘ಸಮಾಧಿ’ ಚಿತ್ರದಲ್ಲಿದೆ. ತಗಡಿನ ಮೇಲ್ಮೈಯ ಮಸಿಯನ್ನು ಪೂರ್ತಿ ಒರೆಸದೆ ತೆಳು ಪದರವಾಗಿ ಉಳಿಸಿ, ಪ್ರತಿ ಸಲ ಬೇರೆ ಪ್ರಮಾಣದಲ್ಲಿ ಬಿಟ್ಟು ಅಚ್ಚು ಹಾಕಿದ್ದಾನೆ. ಒಂದು ಪ್ರತಿಯಲ್ಲಿ ಗವಿಯೊಳಗೆ ಮಂದ ಬೆಳಕಿದೆ, ಇನ್ನೊಂದರಲ್ಲಿ ಹೆಣದ ಬಳಿಯ ಒಂದೆರಡು ಮುಖ ಬಿಟ್ಟರೆ ಎಲ್ಲ ಕಗ್ಗತ್ತಲೆ. ಬೆಳಕೆಷ್ಟು ಎಂಬುದನ್ನು ನಿರ್ಧರಿಸಿದ್ದು ಒರೆಸುವ ಬಟ್ಟೆ ಮತ್ತು ಅಂಗೈ.

ಕೆರೆದ ತಗಡಿನ ಇನ್ನೊಂದು ಕಥೆ ಇದೆ. ಹರ್ಕ್ಯುಲಿಸ್ ಸೇಗರ್ಸ್ ಎಂಬ ಹಿರಿಯ ಕಲಾವಿದನ ಒಂದು ತಗಡು ರೆಂಬ್ರಾಂಟನ ಕೈಗೆ ಬಂದಿತ್ತು. ಅದರಲ್ಲಿ ದೊಡ್ಡದಾಗಿ ತೋಬಿಯಾಸ ಮತ್ತು ದೇವದೂತ ಇದ್ದರು: ದೂರ ಪ್ರಯಾಣ ಹೊರಟ ಹುಡುಗನನ್ನು ಕಾಯುತ್ತ ಜೊತೆಗೆ ನಡೆಯುವ ದೂತ. ರೆಂಬ್ರಾಂಟ್ ಆ ಇಬ್ಬರನ್ನು ಕೆರೆದು ತೆಗೆದು, ಆ ಜಾಗದಲ್ಲಿ ಮರಗಳ ಗುಂಪನ್ನೂ, ಹೆರೋದ ರಾಜನ ಕತ್ತಿಗೆ ಹೆದರಿ ಐಗುಪ್ತಕ್ಕೆ ಓಡುತ್ತಿರುವ ಯೋಸೇಫ, ಮರಿಯ, ಮಗುವನ್ನೂ ಸಣ್ಣದಾಗಿ ಬರೆದ. ಪೂರ್ತಿ ಕೆರೆಯಲಿಲ್ಲ. ಮರದ ಎಲೆಗಳ ನಡುವೆ ದೇವದೂತನ ದೊಡ್ಡ ರೆಕ್ಕೆಯ ಗೆರೆಗಳು ಇವತ್ತಿಗೂ ಕಾಣುತ್ತವೆ. ಬೇಕೆಂದು ಬಿಟ್ಟನೋ ಬೇಸರಕ್ಕೆ ಬಿಟ್ಟನೋ ಎಂದು ವಿದ್ವಾಂಸರು ಚರ್ಚಿಸಬಹುದು. ತಗಡು ಹೇಳುವುದಂತೂ ಸ್ಪಷ್ಟವಾಗಿದೆ: ಆ ಬಡ ಸಂಸಾರ ಕಾವಲಿಲ್ಲದೆ ಓಡುತ್ತಿಲ್ಲ.

ಕೊನೆಯದಾಗಿ, ಆಗಲೇ ಹೇಳಿದ ಅಕ್ಬರನ ಮಾತು. 1580ರಲ್ಲಿ ಗೋವೆಯಿಂದ ರೊಡೊಲ್ಫೊ ಅಕ್ವಾವೀವಾ ಮುಂತಾದ ಪಾದ್ರಿಗಳು ಫತೇಪುರ ಸಿಕ್ರಿಗೆ ಹೋದಾಗ, ಆಂಟ್‌ವರ್ಪಿನಲ್ಲಿ ಪ್ಲಾಂಟಿನ್ ಅಚ್ಚು ಹಾಕಿದ್ದ ಬಹುಭಾಷಾ ಬೈಬಲಿನ ಸಂಪುಟಗಳನ್ನು ಅಕ್ಬರನಿಗೆ ಒಪ್ಪಿಸಿದರು. ಅದರ ಮುಖಚಿತ್ರದಲ್ಲಿ ಸಿಂಹ, ಎತ್ತು, ತೋಳ, ಕುರಿಮರಿ ಒಟ್ಟಿಗಿವೆ. ಯೆಶಾಯ ಪ್ರವಾದಿ ಕಂಡ ಶಾಂತಿರಾಜ್ಯದ ಸಂಕೇತ. ಜಹಾಂಗೀರ, ಷಹಜಹಾನರ ಚಿತ್ರಗಳಲ್ಲಿ ಬಾದಶಹನ ಕಾಲಡಿ ಸಿಂಹವೂ ಕುರಿಯೂ ಒಟ್ಟಿಗೆ ಮಲಗುವುದಕ್ಕೆ ಈ ಮುದ್ರಣಚಿತ್ರವೇ ಪ್ರೇರಣೆಯೆಂದು ಕಲಾ ಇತಿಹಾಸಕಾರರು ತೋರಿಸಿದ್ದಾರೆ. ಯುರೋಪಿನ ಮುದ್ರಣಚಿತ್ರಗಳನ್ನು ಮೊಗಲ್ ಚಿತ್ರಕಾರರು ನಕಲು ಮಾಡಿ ಕಲಿತರು. ಅಬುಲ್ ಹಸನ್ 1600ರಲ್ಲಿ, ತನ್ನ 13ನೆಯ ವಯಸ್ಸಿನಲ್ಲಿ, ಡ್ಯೂರರನ ಕೆತ್ತನೆಯೊಂದರಿಂದ ಸಂತ ಯೋಹಾನನನ್ನು ಬಿಡಿಸಿದ. ಆ ಹಾಳೆ ಈಗ ಆಕ್ಸ್‌ಫರ್ಡಿನಲ್ಲಿದೆ. ನಮ್ಮ ಬಿಜಾಪುರಕ್ಕೂ ಹಾಲೆಂಡಿನ ನಂಟಿತ್ತು. ಹಾರ್ಲೆಮಿನ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರ 1610ರ ದಶಕದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ.

ಈ ದಾರಿ ಒಂದೇ ದಿಕ್ಕಿನದಾಗಿರಲಿಲ್ಲ. ಮೊಗಲ್ ಚಿತ್ರಗಳು ಡಚ್ ಹಡಗುಗಳಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋದವು. ರೆಂಬ್ರಾಂಟ್ ಅವನ್ನು ನೋಡಿ ಬಿಡಿಸಿದ 20ಕ್ಕೂ ಹೆಚ್ಚು ಚಿತ್ರಗಳು ಉಳಿದಿವೆ. ಒಂದರಲ್ಲಿ ಮರದ ಕೆಳಗೆ ನೆಲದ ಮೇಲೆ ಕುಳಿತ ನಾಲ್ವರು ಮುಸ್ಲಿಂ ಸಂತರಿದ್ದಾರೆ. ಅದೇ ಕೂಟವನ್ನಿಟ್ಟುಕೊಂಡು 1656ರಲ್ಲಿ, ಸಾಲ ತೀರಿಸಲಾಗದೆ ದಿವಾಳಿಯಾದ ವರ್ಷದಲ್ಲಿ, ಅಬ್ರಹಾಮ ದೇವದೂತರನ್ನು ಸತ್ಕರಿಸುವ ಎಚಿಂಗ್ ಮಾಡಿದ. ಆದಿಕಾಂಡದಲ್ಲಿ ಮಮ್ರೆಯ ಮರಗಳ ಬಳಿ ಮೂವರು ಅಪರಿಚಿತರು ಅಬ್ರಹಾಮನ ಬಾಗಿಲಿಗೆ ಬರುತ್ತಾರೆ. ಬಂದವರಲ್ಲಿ ದೇವರೇ ಇದ್ದಾನೆ. ಯುರೋಪಿನ ಚಿತ್ರಕಾರರು ಈ ಅತಿಥಿಗಳನ್ನು ಮೇಜಿನ ಸುತ್ತ ಕೂರಿಸುತ್ತಿದ್ದರು. ರೆಂಬ್ರಾಂಟನ ದೇವರು ನೆಲಕ್ಕೆ ಹಾಸಿದ ಜಮಖಾನದ ಮೇಲೆ, ಬಿಳಿಗಡ್ಡದ ಮುದುಕನಾಗಿ, ಕೈಯಲ್ಲಿ ಬಟ್ಟಲು ಹಿಡಿದು ಕುಳಿತಿದ್ದಾನೆ. ಅಬ್ರಹಾಮ ಹೂಜಿ ಹಿಡಿದು ಬಾಗಿದ್ದಾನೆ. ಬಾಗಿಲ ಸಂದಿಯಲ್ಲಿ ಸಾರಳು ಕೇಳಿಸಿಕೊಳ್ಳುತ್ತಿದ್ದಾಳೆ. ಬೆನ್ನು ತಿರುಗಿಸಿದ ಹುಡುಗ ಇಷ್ಮಾಯೇಲ ಆಚೆಗೆ ಬಿಲ್ಲು ಹೂಡಿದ್ದಾನೆ. ಇಸಾಕ ಹುಟ್ಟುತ್ತಾನೆ ಎಂಬ ವರ ಸಿಗುತ್ತಿರುವ ಈ ಗಳಿಗೆಯಲ್ಲೇ, ಮನೆಯಿಂದ ಹೊರಗೆ ಹೋಗಬೇಕಾದ ಮಗನೂ ಚಿತ್ರದೊಳಗಿದ್ದಾನೆ. ಮುಸ್ಲಿಮರು ತಮ್ಮ ಮೂಲಪುರುಷರಲ್ಲಿ ಒಬ್ಬನೆಂದು ಕಾಣುವ ಇಷ್ಮಾಯೇಲನನ್ನು ಅವನು ಇಟ್ಟದ್ದು ಮೊಗಲ್ ಸಂತರ ಕೂಟದಿಂದ ಬಂದ ಈ ಚಿತ್ರದಲ್ಲಿ.

ಇಲ್ಲಿ ಬಂದಿರುವ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಈ ಚಿತ್ರಗಳಲ್ಲಿ ಬಹುತೇಕ ಎಲ್ಲವನ್ನೂ ದೊಡ್ಡ ಗಾತ್ರದಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮೂರು ಶಿಲುಬೆಗಳ ಬೇರೆಬೇರೆ ಹಂತಗಳನ್ನು ಪಕ್ಕಪಕ್ಕ ತೆರೆದುಕೊಳ್ಳಿ. ಒಂದು ಮೂಲೆಯನ್ನು ಆರಿಸಿಕೊಂಡು ಗೆರೆ ಗೆರೆಯಾಗಿ ಹೋಲಿಸಿ, ಆಮೇಲೆ ನಿಮ್ಮ ಕಾರ್ಯಾಗಾರದ ತಗಡಿನ ಮೇಲೆ ಸೂಜಿ ಹಿಡಿದು ಅಂಥ ಒಂದು ಕತ್ತಲನ್ನು ಗೀಚಿ ನೋಡಿ, ಹತ್ತು ಪ್ರತಿ ತೆಗೆಯಿರಿ, ಸಿಬಿರು ಎಷ್ಟು ಉಳಿಯಿತೆಂದು ಬೆರಳಾಡಿಸಿ ತಿಳಿದುಕೊಳ್ಳಿ.